ಒಯ್ಯುವಂತಿಲ್ಲ

ಮಳವಳ್ಳಿಯಲ್ಲಿ ಬಸ್ಸಿಳಿದು, ಬಾಡಿಗೆ ಸೈಕಲ್ಲಿಗೆ
ಬಕೀಟು ಕಟ್ಟಿ, ಕಾಗದದ ಸುರುಳಿ ಬೆನ್ನಿಗೇರಿಸಿ
ತೊರೆಮಾವಿಗೆ ಹೋದೆ.
ನಾನು ಶಾಸನದ ಅಚ್ಚು ತೆಗೆಯುವವನು. ಓದುವವರು
ಮೈಸೂರಿನಲ್ಲಿ, ಫ್ಯಾನಿನ ಕೆಳಗೆ ಕೂತಿರುತ್ತಾರೆ.
ಮೂವತ್ತೊಂದು ವರ್ಷ ಕಲ್ಲಿನ ಮುಖ ತೊಳೆದವನಿಗೆ
ಅಕ್ಷರ ತಾನಾಗಿ ಬಾಯಿ ಬಿಡುತ್ತದೆ; ಸಂಬಳ ಅದಕ್ಕಲ್ಲ.

ಕಲ್ಲು ನಾಲೆಯ ತೂಬಿನ ಪಕ್ಕ, ಕಬ್ಬಿಗೆ ಬೆನ್ನು ಮಾಡಿ
ಸೊಂಟದವರೆಗೆ ನೆಲದಲ್ಲಿ.
ಮೇಲೆ ಲಿಂಗ, ಸೂರ್ಯ, ಚಂದ್ರ, ಒಂದು ಕಾಗೆ.
ಕಾಗೆ ಜೀವಂತ, ಹಾರಿಹೋಯಿತು.
ನಡುವೆ ಅವನ ತೋಳು ಹಿಡಿದೆತ್ತುವ ಇಬ್ಬರು ಹೆಣ್ಣುಗಳು,
ಮೂಗು ಸವೆದಿದೆ, ನಗು ಸವೆದಿಲ್ಲ.
ಅವರ ಕಾಲಕೆಳಗೆ ಮಣ್ಣು.

ಗುದ್ದಲಿ ಎತ್ತಿದಾಗ ನಿಂಗಾಜಮ್ಮ ಬಂದಳು,
ಸೆರಗಲ್ಲಿ ಎಲೆಯಡಿಕೆ, ಕಂಕುಳಲ್ಲಿ ಕೋಲು.
"ವಸಿ ಮೆಲ್ಲಗೆ ಕಣಪ್ಪ, ಅಯ್ಯ ಮಲಗವ್ನೆ."
ಮಟಮಟ ಮಧ್ಯಾಹ್ನ ಈ ದಾರೀಲಿ ಯಾರೂ ಮಾತಾಡುವುದಿಲ್ಲವಂತೆ,
ಶಾಲೆಯ ಮಕ್ಕಳೂ ತುಟಿ ಕಚ್ಚಿಕೊಂಡೇ ದಾಟುತ್ತವಂತೆ.
ವರ್ಷಕ್ಕೊಂದು ಕೆಂಪು ಹುಂಜ, ಒಂದು ಕುಡಿಕೆ ಹೆಂಡ.
"ಇಲ್ಲಿ ಬೇಯ್ಸಿದ್ದು ಇಲ್ಲೇ ಉಣ್ಬೇಕು,
ಊರೊಳಕ್ಕೆ ಒಂದು ಮೂಳೆಯೂ ಒಯ್ಯಂಗಿಲ್ಲ."

ಕೈ ನಿಂತಿತು. ಈ ಮಾತು ಹಿಂದೆ ಕೇಳಿದ್ದೆ.
ನಮ್ಮ ಆಫೀಸಿಗೆ ಗ್ರೀಸಿನ ಯಾವುದೋ ದ್ವೀಪದಿಂದ
ಒಬ್ಬ ಮೇಷ್ಟ್ರು ಬಂದಿದ್ದ, ಹತ್ತು ದಿನ,
ನನ್ನ ಜೊತೆ ಮಸಿ ಮಾಡಿಕೊಂಡು, ನಾಲ್ಕು ಸಲ ಕಾಫಿ ಕುಡಿದು.
ಅಲ್ಲೂ ಹೀಗೇ ಅಂದ: ದೇವರಿಗೆ ಹೊಗೆ ಮೇಲಕ್ಕೆ,
ವೀರನಿಗೆ ನೆತ್ತರು ಕೆಳಕ್ಕೆ.
ಕೆಲವು ಗೋರಿಗೆ ಮಣ್ಣಿನ ಕೊಳವೆ ಇಟ್ಟು
ಜೇನು, ಎಣ್ಣೆ, ದ್ರಾಕ್ಷಿಯ ಹೆಂಡ
ನೇರ ಸತ್ತವನ ಬಾಯಿಗೆ.
ಬಲಿಯ ಮಾಂಸ ಒಯ್ಯುವಂತಿಲ್ಲ ಎಂದು
ಕಲ್ಲಿನ ಮೇಲೇ ಕೊರೆದಿರುತ್ತಿತ್ತಂತೆ ಒಂದೊಂದು ಕಡೆ.
ಒಳ್ಳೆಯವರಾ ಆ ವೀರರು, ಕೇಳಿದೆ.
ಲೋಟ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿ
"ಹತ್ತಿರದವರು" ಅಂದ.

ಅಗೆದೆ. ಒಂದು ದನ, ಎರಡು ದನ, ಬಿಲ್ಲು, ಬಿದ್ದ ಕುದುರೆ.
ಒದ್ದೆ ಕಾಗದ ಹೊದಿಸಿ ಬ್ರಷ್ಷಿನಿಂದ ತಟ್ಟಿದೆ,
ಕೂಸಿನ ಬೆನ್ನು ತಟ್ಟಿದ ಹಾಗೆ.
ಮಸಿಯ ಉಂಡೆ ಒತ್ತುತ್ತ ಹೋದಂತೆ
ಕಪ್ಪಿನಲ್ಲಿ ಬಿಳಿಯಾಗಿ ಎದ್ದು ಬಂತು:
ಹೊಂಗೆಕೋಟೆಯ... ಹೆಸರಿನ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿದೆ...
ತೊಱೆಮಾವಿನ ತುಱುವಂ ಕೊಂಡು ಕಾದಿ ಸತ್ತಂ.

ಮತ್ತೆ ಓದಿದೆ. ಮತ್ತೆ.
ಕಾಯಲು ನಿಂತವನಲ್ಲ ಇವನು.
ಇದೇ ಊರಿನ ದನ ಹೊಡೆಯಲು ಬಂದವನು,
ಇವರ ಮುತ್ತಜ್ಜನ ಮುತ್ತಜ್ಜ ಬಾಣ ಬಿಟ್ಟು ಕೆಡವಿದವನು.
ಹೊಂಗೆಕೋಟೆಯವರು ಅತ್ತು ನಿಲ್ಲಿಸಿದ ಕಲ್ಲನ್ನು
ನಾಲೆ ತೋಡುವಾಗ ಯಾರೋ ಗಾಡಿಗೆ ಹೇರಿ ತಂದಿರಬೇಕು,
ತೂಬಿನ ಚಪ್ಪಡಿಗೆ ಆದೀತೆಂದು.

ಹೇಳಬಾರದಿತ್ತು. ಹೇಳಿದೆ.
ನಿಂಗಾಜಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು.
ಕಬ್ಬಿನೊಳಗೆ ಗಾಳಿ ಒಂದು ಸುತ್ತು ಹೋಗಿ ಬಂತು.
"ನಮ್ ಹಸ ಕದಿಯಕ್ ಬಂದವ್ನಾ?"
"ಹೌದು."
"ಅಂಗಾರೆ ಕೊಟ್ಟಿಗೆ ದಾರಿ ಬಲ್ಲೋನು. ಕಾಯಕ್ಕೂ ಅವ್ನೇ ಸರಿ ಬುಡು."
ಉಗಿದು, ಬಾಯಿ ಒರೆಸಿಕೊಂಡು, ಸ್ವಲ್ಪ ಹೊತ್ತಿನ ಮೇಲೆ
ಕಲ್ಲಿನ ಕಡೆ ತಿರುಗಿ, ನನಗಲ್ಲ,
"ಹೊಟ್ಟೆಗಿಲ್ದೆ ಬಂದಿದ್ಯೇನೋ" ಅಂದಳು.

ಕಾಗದ ಒಣಗಿತು, ಬಿಡಿಸಿದೆ, ಸುತ್ತಿದೆ.
ಬಕೀಟಿನ ತಳದಲ್ಲಿ ಮಸಿ ಬೆರೆತ ನೀರು ಉಳಿದಿತ್ತು.
ಸಾಮಾನ್ಯವಾಗಿ ಹಾದಿಗೆ ಚೆಲ್ಲುತ್ತೇನೆ.
ಅವನ ಬುಡದ ಗುಂಡಿಗೆ ಹುಯ್ದೆ,
ನೆಲ ಗಟಗಟ ಕುಡಿಯಿತು, ಇನ್ನೂ ಇದೆಯಾ ಎಂಬಂತೆ
ಒಂದು ಗುಳ್ಳೆ ಎದ್ದು ಒಡೆಯಿತು.
ಮುದುಕಿ ನನ್ನ ಬೆನ್ನಿನ ಸುರುಳಿ ನೋಡಿದಳು.
"ಒಯ್ಯಂಗಿಲ್ಲ ಅಂದಿದ್ನಲ್ಲಪ್ಪ."
ಅಂದಳೇ ಹೊರತು ತಡೆಯಲಿಲ್ಲ.

ಬನ್ನೂರು ದಾಟಿದ ಮೇಲೆ ಕಂಡಕ್ಟರು
ತೊಡೆಯ ಮೇಲಿನ ಸುರುಳಿಗೆ ಪೆನ್ನು ತೋರಿಸಿ
"ಇದಕ್ಕೆ?" ಅಂದ.
ಬರೀ ಕಾಗದ ಸ್ವಾಮಿ ಎನ್ನಬಹುದಿತ್ತು.
ಮೈಸೂರಿಗೆ ಅರ್ಧ ಟಿಕೆಟ್ಟು ತೆಗೆದುಕೊಂಡೆ.